ಡುಮ್ಮ ಬೆಕ್ಕಿಗೆ ಶುಗರ್, ಜೊತೆಗೆ ಕಾಲುನೋವು: ಮುಂಬಯಿ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನೋವಾದರೆ ಬೆಕ್ಕು ಕೂಗುವುದು ಕಡಿಮೆ. ಕುಂಟುವುದೂ ಕಡಿಮೆಯೇ. ಎರಡೂ ಹಿಂಗಾಲು ನೋಯುತ್ತಿದ್ದರೆ ಯಾವ ಕಡೆಗೆ ಅಂತ ಕುಂಟೀತು? ಅದು ಸುಮ್ಮನೆ ಒಂದೊಂದೇ ಕೆಲಸ ಬಿಡುತ್ತಾ ಹೋಗುತ್ತದೆ. ಕಿಟಕಿಯ ಗ್ರಿಲ್‌ಗೆ ಹಾರುವುದಿಲ್ಲ. ಸೋಫಾ ಹತ್ತುವಾಗ ಮುಂಗಾಲಿನಿಂದ ಮೈ ಎಳೆದುಕೊಳ್ಳುತ್ತದೆ. ಸೊಂಟದ ತನಕ ನಾಲಿಗೆ ಎಟುಕದೆ ಬೆನ್ನ ಮೇಲಿನ ಕೂದಲು ಗಂಟು ಕಟ್ಟುತ್ತದೆ. ಉಚ್ಚೆ-ಕಕ್ಕಸಿಗೆ ಮಣ್ಣು ಹಾಕಿಟ್ಟ ಟ್ರೇ ಪಕ್ಕದಲ್ಲೇ, ಟೈಲ್ಸ್ ಮೇಲೆ ಗಲೀಜು ಮಾಡುತ್ತದೆ. ನಾವು "ವಯಸ್ಸಾಯ್ತು, ಸೋಮಾರಿ" ಅಂದುಬಿಡುತ್ತೇವೆ. 12 ದಾಟಿದ ಬೆಕ್ಕುಗಳ ಎಕ್ಸ್‌ರೇ ತೆಗೆದು ನೋಡಿದರೆ ಬಹುಪಾಲು ಬೆಕ್ಕುಗಳಲ್ಲಿ ಕೀಲು ಸವೆದದ್ದು ಕಾಣುತ್ತದೆ.

ಬೆಕ್ಕು ದಪ್ಪಗಿದ್ದು ಶುಗರ್ ಕೂಡ ಇದ್ದರೆ ವಿಷಯ ಇನ್ನೂ ಗೋಜಲು. ಕೊಬ್ಬು ಇನ್ಸುಲಿನ್ ಕೆಲಸ ಮಾಡಲು ಬಿಡುವುದಿಲ್ಲ. ಏರಿದ ಶುಗರ್ ಕಾಲಿನ ನರಗಳನ್ನು ಕೆಡಿಸುತ್ತದೆ. ಮೈಭಾರ ಕೀಲುಗಳನ್ನು ಸವೆಸುತ್ತದೆ. ನೋವಿಗೆ ಬೆಕ್ಕು ಓಡಾಟ ಬಿಡುತ್ತದೆ, ತೂಕ ಮತ್ತೆ ಏರುತ್ತದೆ. ಹಾಗಾಗಿ ಒಂದಕ್ಕೆ ಮಾತ್ರ ಮದ್ದು ಮಾಡಿದರೆ ಸಾಲದು. ಮೂರಕ್ಕೂ ಒಟ್ಟಿಗೆ ಕೈಹಾಕಬೇಕು, ಆದರೆ ಒಂದು ಕ್ರಮದಲ್ಲಿ: ಮೊದಲು ಮನೆಯ ನೆಲ, ಆಮೇಲೆ ಕಾರಣ ಹುಡುಕುವುದು, ಆಮೇಲೆ ಶುಗರ್, ನೋವಿನ ಮದ್ದು, ತೂಕ. ಹೆಚ್ಚಿನವರು ನೋವಿನ ಮಾತ್ರೆಯಿಂದ ಶುರುಮಾಡುತ್ತಾರೆ. ಅಪಾಯ ಇರುವುದೇ ಅಲ್ಲಿ.

ಇವು ಕಂಡರೆ ಮುಂದೆ ಓದಬೇಡಿ, ಟ್ಯಾಕ್ಸಿ ಹಿಡಿಯಿರಿ

ಹಿಂಗಾಲು ಒಮ್ಮಿಂದೊಮ್ಮೆಲೇ ಬಿದ್ದುಹೋಗಿ, ಪಾದ ತಣ್ಣಗಾಗಿ, ಅಂಗಾಲು ಬಿಳಿಚಿದ್ದರೆ ಅಥವಾ ನೀಲಿಯಾಗಿದ್ದರೆ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು. ಆಗ ಬೆಕ್ಕು ಜೋರಾಗಿ ಅರಚುತ್ತದೆ. ಊಟ ಬಿಟ್ಟು, ವಾಂತಿ ಮಾಡಿ, ಏದುಸಿರು ಬಿಡುತ್ತಾ ಮಂಕಾಗಿ ಮಲಗಿದ್ದರೆ ರಕ್ತದಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ಕೊಬ್ಬು ಕರಗಿ ಹುಟ್ಟುವ ಆಮ್ಲ, ಏರಿರಬಹುದು. ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತರೂ ಉಚ್ಚೆ ಬರುತ್ತಿಲ್ಲ ಅಂದರೆ ದಾರಿ ಕಟ್ಟಿರಬಹುದು. ಇದನ್ನು ಸೊಂಟನೋವು ಅಂದುಕೊಂಡು ಕಾದವರಿದ್ದಾರೆ. ಈ ಮೂರರಲ್ಲಿ ಯಾವುದೂ ಬೆಳಗಿನ ತನಕ ಕಾಯುವಂಥದ್ದಲ್ಲ.

ಇನ್ಸುಲಿನ್ ಹಾಕಿದ ಬೆಕ್ಕು ತೂರಾಡಿದರೆ, ನಡುಗಿದರೆ, ಫಿಟ್ಸ್ ಬಂದರೆ ಶುಗರ್ ಇಳಿದಿದೆ ಅಂತಲೇ ತಿಳಿಯಿರಿ. ಜೇನುತುಪ್ಪ ಅಥವಾ ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿಯನ್ನು ಒಸಡಿಗೆ ಸವರಿ ಹೊರಡಿ. ಎಚ್ಚರ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಮುಂಬಯಿಯಲ್ಲಿ ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹಳೆಯ ಹೆಸರು. 1886ರ ಬಾಂಬೆ ವೆಟರ್ನರಿ ಕಾಲೇಜು ಇರುವುದೂ ಪರೇಲ್‌ನಲ್ಲೇ. ಮಹಾಲಕ್ಷ್ಮಿಯಲ್ಲಿ 2024ರಲ್ಲಿ ಟಾಟಾ ಟ್ರಸ್ಟ್ಸ್ ಸ್ಮಾಲ್ ಅನಿಮಲ್ ಹಾಸ್ಪಿಟಲ್ ತೆರೆದಿದೆ. ಡೊಂಬಿವಲಿ, ಮುಲುಂಡ್ ಕಡೆಯವರು ರಾತ್ರಿ ಹತ್ತಿರದಲ್ಲಿ ಯಾರು ಬಾಗಿಲು ತೆರೆಯುತ್ತಾರೆ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ಹಿಂದ್‌ಮಾತಾ, ಸಾಯನ್, ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತರೆ ಪರೇಲ್ ಮುಟ್ಟುವುದು ಸುಲಭ ಅಲ್ಲ.

ಈ ಸಂಜೆಯೇ: ನೆಲ

ಇದಕ್ಕೆ ಡಾಕ್ಟರ್ ಚೀಟಿ ಬೇಡ, ಖರ್ಚೂ ಕಮ್ಮಿ. ನಮ್ಮ ಫ್ಲಾಟುಗಳ ವಿಟ್ರಿಫೈಡ್ ಟೈಲ್ಸ್ ನೋಯುವ ಕಾಲಿಗೆ ದೊಡ್ಡ ಶತ್ರು. ಪ್ರತಿ ಹೆಜ್ಜೆಗೂ ಕಾಲು ಅಗಲಕ್ಕೆ ಜಾರುತ್ತದೆ. ಜಾರದಂತೆ ತಡೆಯಲು ಸ್ನಾಯು ಬಿಗಿಯುತ್ತದೆ, ನೋವು ಜಾಸ್ತಿಯಾಗುತ್ತದೆ. ಹಳೆಯ ಯೋಗ ಮ್ಯಾಟ್ ಕತ್ತರಿಸಿ, ಬೆಕ್ಕು ಮಲಗುವ ಜಾಗದಿಂದ ಊಟದ ತಟ್ಟೆಗೆ, ಅಲ್ಲಿಂದ ನೀರಿಗೆ, ಟ್ರೇಗೆ ಒಂದು ದಾರಿ ಹಾಸಿ. ಇಡೀ ಮನೆಗೆ ಹಾಸಬೇಕಿಲ್ಲ, ಅದು ನಡೆಯುವ ದಾರಿಗೆ ಸಾಕು. ದಾದರ್ ಮಾರ್ಕೆಟಿನ ಹಿಂಬದಿ ರಬ್ಬರ್ ಇರುವ ಕಾಲೊರಸುಗಳೂ ಆಗುತ್ತವೆ. ಬರಿಯ ಗೋಣಿಚೀಲ, ಬಟ್ಟೆ ಬೇಡ. ಅವು ತಾವೇ ಜಾರುತ್ತವೆ.

ಟ್ರೇಯ ಅಂಚು ಎತ್ತರವಿದ್ದರೆ ಒಂದು ಕಡೆ ಕತ್ತರಿಸಿ, ಒಳಗೆ ಕಾಲಿಡುವ ಜಾಗ 5–6 ಸೆಂಟಿಮೀಟರ್‌ಗಿಂತ ಎತ್ತರ ಇರದಂತೆ ಮಾಡಿ. ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ. ಶುಗರ್ ಇರುವ ಬೆಕ್ಕು ತುಂಬಾ ಉಚ್ಚೆ ಮಾಡುತ್ತದೆ, ಹಾಗಾಗಿ ಟ್ರೇ ದೊಡ್ಡದಿರಲಿ. ಒದ್ದೆಯಾದ ಮಣ್ಣನ್ನು ದಿನಕ್ಕೆ ಎರಡು ಸಲವಾದರೂ ತೆಗೆಯಿರಿ. ಹಿಮ್ಮಡಿ ಊರಿ ನಡೆಯುವ ಬೆಕ್ಕಿನ ಹಿಮ್ಮಡಿ ಒದ್ದೆ ಮಣ್ಣಿನಲ್ಲಿ ನೆನೆದು ಹುಣ್ಣಾಗುತ್ತದೆ.

ಸೋಫಾ, ಮಂಚದ ಪಕ್ಕ 10–15 ಸೆಂಟಿಮೀಟರ್ ಎತ್ತರದ ಮೆಟ್ಟಿಲು ಇಡಿ. ಹಳೆಯ ಪೇಪರ್ ಕಟ್ಟಿ, ಮೇಲೆ ಮ್ಯಾಟ್ ಸುತ್ತಿದರೂ ಆಯಿತು. ಉಗುರು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ. ಓಡಾಡದ ಬೆಕ್ಕಿನ ಉಗುರು ಬಾಗಿ ಅಂಗಾಲಿಗೇ ಚುಚ್ಚಿಕೊಳ್ಳುತ್ತದೆ.

ಇನ್ನು ಆ ಕಿಟಕಿಯ ಬಾಕ್ಸ್ ಗ್ರಿಲ್. ಮುಂಬಯಿ ಬೆಕ್ಕುಗಳಿಗೆ ಅದೇ ಬಾಲ್ಕನಿ, ಅದೇ ಟೀವಿ. ಕಾಲಿನ ಹಿಡಿತ ಹೋದ ಬೆಕ್ಕು ಅಲ್ಲಿಂದ ಬಿದ್ದರೆ ಮುಗಿಯಿತು. ಗ್ರಿಲ್‌ಗೆ ಗಟ್ಟಿ ಬಲೆ ಹಾಕಿಸಿ, ಮೆಟ್ಟಿಲಿಟ್ಟು ಹತ್ತುವ ದಾರಿ ಮಾಡಿ. ಕಿಟಕಿ ಮುಚ್ಚಿಬಿಡುವುದಕ್ಕಿಂತ ಇದು ಮೇಲು. ಕಾಗೆ, ಪಾರಿವಾಳ ನೋಡುವುದೂ ತಪ್ಪಿದರೆ ಇಡೀ ದಿನ ಮಲಗುವುದೊಂದೇ ಉಳಿಯುತ್ತದೆ ಅಲ್ವಾ?

ನೋವೋ, ನರವೋ?

ಹಿಂಗಾಲನ್ನು ಪಕ್ಕದಿಂದ ನೋಡಿ. ಆರೋಗ್ಯದ ಬೆಕ್ಕು ಬೆರಳ ಮೇಲೆ ನಡೆಯುತ್ತದೆ, ಹಿಮ್ಮಡಿ ನೆಲದಿಂದ ಮೇಲಿರುತ್ತದೆ. ನಿಮ್ಮ ಬೆಕ್ಕಿನ ಹಿಮ್ಮಡಿ ಮೊಲದ ಹಾಗೆ ನೆಲಕ್ಕೆ ತಾಗಿದ್ದರೆ ಅದು ಶುಗರ್‌ನಿಂದ ನರ ಸೋತ ಲಕ್ಷಣ. ಡಾಕ್ಟರುಗಳು ಇದನ್ನು ಡಯಾಬಿಟಿಕ್ ನ್ಯೂರೋಪತಿ ಅನ್ನುತ್ತಾರೆ. ಹಿಮ್ಮಡಿ ಮೇಲೇ ಇದ್ದು, ಹೆಜ್ಜೆ ಬಿಗಿಯಾಗಿದ್ದು, ಮಲಗಿ ಎದ್ದಾಗ ಸೆಟೆದುಕೊಂಡಂತೆ ನಡೆದು ಆಮೇಲೆ ಸಡಿಲವಾದರೆ ಕೀಲುನೋವು ಇರುವ ಸಾಧ್ಯತೆ ಜಾಸ್ತಿ. ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಕತ್ತು ಎತ್ತಲಾಗದೆ ತಲೆ ಕೆಳಗೆ ಬಾಗಿದ್ದರೆ ಪೊಟ್ಯಾಸಿಯಂ ಇಳಿದಿರಬಹುದು. ಅದಕ್ಕೆ ರಕ್ತಪರೀಕ್ಷೆ ತಡಮಾಡಬೇಡಿ.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ನರದ ಸೋಲಿಗೆ ನಿಜವಾದ ಮದ್ದು ಶುಗರ್ ಹತೋಟಿ. ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿದರೂ ಎಷ್ಟೋ ಬೆಕ್ಕುಗಳು ಮತ್ತೆ ಬೆರಳ ಮೇಲೆ ನಿಲ್ಲುತ್ತವೆ. ಕೀಲು ಸವೆತ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೆ ಬೇಕಿರುವುದು ನೋವಿನ ಮದ್ದು ಮತ್ತು ಭಾರ ಇಳಿಸುವುದು.

ಮನೆಯಲ್ಲೇ ವಿಡಿಯೋ ಮಾಡಿ. ನಡೆಯುವುದು, ಸೋಫಾ ಹತ್ತುವುದು, ಇಳಿಯುವುದು, ಟ್ರೇಗೆ ಹೋಗುವುದು. ಒಂದೊಂದೂ ಅರ್ಧ ನಿಮಿಷ ಸಾಕು. ಕ್ಲಿನಿಕ್‌ನ ಟೇಬಲ್ ಮೇಲೆ ಬೆಕ್ಕು ಹೆದರಿ ಮುದ್ದೆಯಾಗಿ ಕೂರುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ.

ಡಾಕ್ಟರ ಹತ್ತಿರ ಏನು ಕೇಳಬೇಕು

ಕಿಡ್ನಿ, ಲಿವರ್, ಪೊಟ್ಯಾಸಿಯಂ ತೋರಿಸುವ ರಕ್ತಪರೀಕ್ಷೆ, ಉಚ್ಚೆ ಪರೀಕ್ಷೆ, ಬಿಪಿ, ಸೊಂಟ ಮತ್ತು ಮೊಣಕಾಲಿನ ಎಕ್ಸ್‌ರೇ. ಹೆದರಿದ ಬೆಕ್ಕಿನ ಶುಗರ್ ಕ್ಲಿನಿಕ್‌ನಲ್ಲಿ ತಾನಾಗಿ ಏರುತ್ತದೆ, ಆ ಒಂದು ಸಂಖ್ಯೆ ನಂಬಿ ಇನ್ಸುಲಿನ್ ಏರಿಸುವುದು ಸರಿಯಲ್ಲ. ಫ್ರಕ್ಟೋಸಮಿನ್ ಪರೀಕ್ಷೆ ಕಳೆದ ಒಂದೆರಡು ವಾರದ ಸರಾಸರಿ ತೋರಿಸುತ್ತದೆ. ಇನ್ನೊಂದು ಮಾತು. ಹತೋಟಿಯಲ್ಲಿಲ್ಲದ ಶುಗರ್ ಇದ್ದ ಬೆಕ್ಕು ಸಾಮಾನ್ಯವಾಗಿ ಸೊರಗುತ್ತದೆ. ನಿಮ್ಮದು ಇನ್ಸುಲಿನ್ ಏರಿಸಿದರೂ ಬಗ್ಗದೆ, ಮೈ ಮಾತ್ರ ಬೆಳೆಯುತ್ತಾ ಹೋದರೆ ಆಕ್ರೋಮೆಗಾಲಿ ಇರಬಹುದೇ ಅಂತ ಕೇಳಿ. ಇದು ಪಿಟ್ಯುಟರಿ ಗ್ರಂಥಿಯ ಗಡ್ಡೆಯಿಂದ ಬರುವ ತೊಂದರೆ, ಕೀಲುಗಳನ್ನೂ ಕೆಡಿಸುತ್ತದೆ.

ಶುಗರ್: ಸಿರಿಂಜ್‌ನ ಮುಚ್ಚಳದ ಬಣ್ಣ ನೋಡಿ

ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವುದು ಗ್ಲಾರ್ಜಿನ್ ಇನ್ಸುಲಿನ್, ದಿನಕ್ಕೆ ಎರಡು ಸಲ, 12 ಗಂಟೆ ಅಂತರದಲ್ಲಿ. ಮನುಷ್ಯರ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಮಾಡುತ್ತದೆ. ಆದರೆ ಭಾರತದಲ್ಲಿ ಹೆಚ್ಚಾಗಿ ಎರಡು ಸಾಂದ್ರತೆಯ ಇನ್ಸುಲಿನ್ ಓಡಾಡುತ್ತವೆ. ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳು ಮಿಲಿಗೆ 40 ಯೂನಿಟ್, ಅವಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಗ್ಲಾರ್ಜಿನ್ ಸಾಮಾನ್ಯವಾಗಿ ಮಿಲಿಗೆ 100 ಯೂನಿಟ್, ಅದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜ್‌ನಲ್ಲಿ 1 ಗುರುತಿನ ತನಕ ಎಳೆದರೆ ಒಳಗೆ ಹೋಗುವುದು ಎರಡೂವರೆ ಯೂನಿಟ್. ಮನುಷ್ಯರು ಹೇಗೋ ತಡೆದುಕೊಂಡಾರು, ಒಂದು ಯೂನಿಟ್ ತೆಗೆದುಕೊಳ್ಳುವ ಬೆಕ್ಕು ತಡೆಯಲಾರದು. ಅಂಗಡಿಯವರು "ಎರಡೂ ಒಂದೇ" ಅಂದರೆ ನಂಬಬೇಡಿ. ಅರ್ಧ ಯೂನಿಟ್ ಗುರುತಿರುವ 0.3 ಮಿಲಿ ಸಿರಿಂಜ್ ಕೇಳಿ ತನ್ನಿ.

ಗ್ಲಾರ್ಜಿನ್ ಕುಲುಕಬೇಡಿ, ನೀರು ಬೆರೆಸಬೇಡಿ. ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಫ್ರಿಜ್ ಬಾಗಿಲಿಗಿಂತ ಒಳಗಿನ ಶೆಲ್ಫ್ ಒಳ್ಳೆಯದು. ಜೂನ್ ಶುರುವಾಗುವ ಮುಂಚೆ ಇನ್ನೊಂದು ಬಾಟಲಿ, ಸಿರಿಂಜ್ ಪೊಟ್ಟಣ ತಂದಿಟ್ಟಿರಿ.

ಊಟ ಮಾಡದ ಬೆಕ್ಕಿಗೆ ಪೂರ್ತಿ ಡೋಸ್ ಹಾಕಬೇಡಿ, ಮೊದಲು ಫೋನ್ ಮಾಡಿ. ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದರೆ ಬಿಟ್ಟುಬಿಡಿ. ಒಂದು ಡೋಸ್ ತಪ್ಪಿದರೆ ದೊಡ್ಡ ತೊಂದರೆ ಇಲ್ಲ, ಎರಡು ಸಲ ಬಿದ್ದರೆ ಇದೆ. ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಮನೆಯಲ್ಲೇ ಗ್ಲೂಕೋಮೀಟರ್‌ನಲ್ಲಿ ನೋಡುವುದನ್ನು ಡಾಕ್ಟರಿಂದ ಕಲಿಯಿರಿ. ಕಿವಿಯನ್ನು ಬೆರಳಿಂದ ಉಜ್ಜಿ ಬೆಚ್ಚಗೆ ಮಾಡಿಕೊಂಡರೆ ರಕ್ತ ಸುಲಭವಾಗಿ ಬರುತ್ತದೆ. ಮನುಷ್ಯರ ಮೀಟರ್ ಬೆಕ್ಕಿನ ಶುಗರ್ ಅನ್ನು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಡಾಕ್ಟರಿಗೆ ಯಾವ ಮೀಟರ್ ಅಂತ ಹೇಳಿ. 60ಕ್ಕಿಂತ ಕೆಳಗೆ ತೋರಿಸಿದರೆ ಮಾತ್ರ ಲೆಕ್ಕಾಚಾರ ಬೇಡ. ಕೂಡಲೇ ತಿನ್ನಿಸಿ, ಫೋನ್ ಮಾಡಿ.

ನೋವಿನ ಮದ್ದು: ಮನೆಯ ಡಬ್ಬಿಗೆ ಕೈಹಾಕಬೇಡಿ

ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯೂ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಒಯ್ಯದಂತಾಗುತ್ತದೆ. ಐಬುಪ್ರೊಫೆನ್, ಡಿಕ್ಲೋಫೆನಾಕ್, ನಿಮೆಸುಲೈಡ್, ಆಸ್ಪಿರಿನ್ ಯಾವುದನ್ನೂ ನೀವಾಗಿ ಕೊಡಬೇಡಿ. ರಣಹದ್ದುಗಳು ಸತ್ತದ್ದಕ್ಕೆ 2006ರಲ್ಲಿ ಪ್ರಾಣಿಗಳಿಗೆ ನಿಷೇಧವಾದ ಡಿಕ್ಲೋಫೆನಾಕ್ ನಮ್ಮ ಮೊಣಕಾಲಿನ ಜೆಲ್‌ನಲ್ಲಿ ಇನ್ನೂ ಇದೆ. ಅದನ್ನು ಹಚ್ಚಿಕೊಂಡು ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಅದು ನೆಕ್ಕುತ್ತದೆ. ಕೈ ತೊಳೆಯಿರಿ, ಕಾಲು ಮುಚ್ಚಿಕೊಳ್ಳಿ. ಅಜ್ಜಿಯ ನೀಲಗಿರಿ ಎಣ್ಣೆ, ಕರ್ಪೂರದ ಬಾಮ್ ಕೂಡ ಬೆಕ್ಕಿನ ಮೈಗೆ ಬೇಡವೇ ಬೇಡ.

ಇನ್ನೊಂದು ಬಲೆ ನರದ ವಿಟಮಿನ್. ನ್ಯೂರೋಪತಿಗೆ ಮೀಥೈಲ್‌ಕೋಬಾಲಮಿನ್, ಅಂದರೆ ಬಿ12 ಕೊಡುವ ಡಾಕ್ಟರುಗಳಿದ್ದಾರೆ. ಅದರ ಸಾಕ್ಷಿ ಗಟ್ಟಿ ಇಲ್ಲ, ತೊಂದರೆಯೂ ಇಲ್ಲ. ಆದರೆ ನಮ್ಮ ಮೆಡಿಕಲ್ ಶಾಪುಗಳಲ್ಲಿ ನರಕ್ಕೆ ಅಂತ ಕೊಡುವ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಅದರ ಜೊತೆ ಆಲ್ಫಾ ಲಿಪೋಯಿಕ್ ಆಸಿಡ್ ಇರುತ್ತದೆ. ಇದು ಬೆಕ್ಕಿನ ಲಿವರ್‌ಗೆ ವಿಷ. ಗಾಬಾಪೆಂಟಿನ್ ಅನ್ನುವ ನೋವಿನ ಮದ್ದು ಕೊಳ್ಳುವಾಗಲೂ ಇದೇ ಜಾಗ್ರತೆ, ನಾರ್ಟ್ರಿಪ್ಟಿಲಿನ್ ಅನ್ನುವ ಇನ್ನೊಂದು ಮದ್ದು ಬೆರೆಸಿದ ಮಾತ್ರೆಗಳೂ ಸಿಗುತ್ತವೆ. ಚೀಟಿಯಲ್ಲಿ ಬರೆದ ಒಂದೇ ಮದ್ದು ಪೊಟ್ಟಣದಲ್ಲಿದೆಯೇ ಅಂತ ಸಣ್ಣಕ್ಷರದಲ್ಲಿ ಓದಿ. "ಅದೇ ಕಂಪೋಸಿಷನ್, ಬೇರೆ ಕಂಪನಿ" ಅಂದಾಗಲೂ ಓದಿ.

ಹಾಗಾದರೆ ಡಾಕ್ಟರ್ ಏನು ಕೊಡಬಹುದು? ಶುಗರ್ ಇರುವ ಬೆಕ್ಕಿಗೆ ಗಾಬಾಪೆಂಟಿನ್ ಹೆಚ್ಚಾಗಿ ಮೊದಲ ಆಯ್ಕೆ. ಶುಗರ್ ಏರಿಸುವುದಿಲ್ಲ. ಮೊದಲ ಕೆಲವು ದಿನ ತೂಕಡಿಕೆ, ತೂರಾಟ ಇರುತ್ತದೆ. ಇಲ್ಲಿ ಜಾಗ್ರತೆ: ಶುಗರ್ ಇಳಿದಾಗಲೂ ಬೆಕ್ಕು ಹೀಗೇ ತೂರಾಡುತ್ತದೆ. ಮದ್ದಿನ ಅಮಲು ಅಂತ ಸುಮ್ಮನಿರದೆ ಮೀಟರ್ ಹಾಕಿ ನೋಡಿ. ಕಿಡ್ನಿ ಸೋತಿದ್ದರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ, ನಿಲ್ಲಿಸುವಾಗ ನಿಧಾನಕ್ಕೆ ಇಳಿಸಬೇಕು.

ಮೆಲಾಕ್ಸಿಕಾಮ್ ಕೀಲುನೋವಿಗೆ ಒಳ್ಳೆಯ ಮದ್ದೇ. ಆದರೆ ಕಿಡ್ನಿ ಪರೀಕ್ಷೆ ನೋಡದೆ, ಅಥವಾ ಶುಗರ್ ಏರಿ ಮೈಯ ನೀರು ಹೋಗುತ್ತಿರುವಾಗ ಕೊಟ್ಟರೆ ಕಿಡ್ನಿ ಕೈಕೊಡುತ್ತದೆ. ನಾಯಿಯ ದ್ರವ ಮಿಲಿಗೆ 1.5 ಮಿಲಿಗ್ರಾಂ, ಬೆಕ್ಕಿನದು 0.5. ನಾಯಿಯ ಬಾಟಲಿಯಿಂದ ಬೆಕ್ಕಿನ ಅಳತೆಯಲ್ಲಿ ಎಳೆದರೆ ಮೂರು ಪಟ್ಟು. ಊಟ ಬಿಟ್ಟ ದಿನ ಈ ಮದ್ದು ನಿಲ್ಲಿಸಿ, ಡಾಕ್ಟರನ್ನು ಕೇಳಿ.

ಸ್ಟೀರಾಯ್ಡ್ ಇಂಜೆಕ್ಷನ್ ಒಂದನ್ನು ಮಾತ್ರ ಗಟ್ಟಿಯಾಗಿ ಬೇಡ ಅನ್ನಿ. ಒಂದೇ ದಿನದಲ್ಲಿ ಬೆಕ್ಕು ಜಿಗಿದಾಡುತ್ತದೆ, ಮನೆಯವರಿಗೆ ಖುಷಿ. ಶುಗರ್ ಮಾತ್ರ ಕೈಮೀರುತ್ತದೆ. ವಾರಗಟ್ಟಲೆ ಕೆಲಸ ಮಾಡುವ ಡಿಪೋ ಇಂಜೆಕ್ಷನ್ ಆದರೆ ಹಿಂದಕ್ಕೆ ತೆಗೆಯಲೂ ಬರುವುದಿಲ್ಲ. ಹೊಸ ಡಾಕ್ಟರ ಹತ್ತಿರ ಹೋದಾಗ ಬಾಗಿಲಲ್ಲೇ "ಇದಕ್ಕೆ ಡಯಾಬಿಟಿಸ್ ಇದೆ" ಅಂದುಬಿಡಿ.

ಗ್ಲುಕೋಸಮಿನ್ ಪುಡಿಗಳ ಮೇಲೆ ನನಗೆ ಹೆಚ್ಚು ನಂಬಿಕೆ ಇಲ್ಲ. ಆ ದುಡ್ಡಿಗೆ ಒಳ್ಳೆಯ ಮ್ಯಾಟ್ ಬರುತ್ತದೆ. ಒಮೆಗಾ-3 ಮೀನೆಣ್ಣೆ ಸ್ವಲ್ಪ ಮೇಲು. ಅದರ ಕ್ಯಾಲರಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಡ್ ಲಿವರ್ ಎಣ್ಣೆ ಮಾತ್ರ ಬೇಡ, ಅದರಲ್ಲಿ ವಿಟಮಿನ್ ಎ ಜಾಸ್ತಿ.

ತೂಕ: ನಿಧಾನವೇ ಸರಿ

ದಪ್ಪ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ಊಟ ಬಿಟ್ಟರೆ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಕಾಮಾಲೆ ಬರುತ್ತದೆ, ಅದರಿಂದ ಬೆಕ್ಕು ಸಾಯಬಹುದು. ವಾರಕ್ಕೆ ಮೈತೂಕದ ನೂರಕ್ಕೆ ಅರ್ಧದಿಂದ ಒಂದು ಭಾಗ ಇಳಿದರೆ ಸಾಕು. 7 ಕಿಲೋ ಬೆಕ್ಕಿಗೆ 35ರಿಂದ 70 ಗ್ರಾಂ. ಬಾತ್‌ರೂಮ್ ಸ್ಕೇಲ್‌ಗೆ ಇದು ಗೊತ್ತಾಗುವುದಿಲ್ಲ. ಬ್ಯಾಗ್ ತೂಗುವ ಕೊಕ್ಕೆ ಸ್ಕೇಲ್ ಇದೆಯಲ್ಲ, ಬೆಕ್ಕನ್ನು ಕ್ಯಾರಿಯರ್‌ನಲ್ಲಿ ಹಾಕಿ ಅದಕ್ಕೆ ತೂಗಿಸಿ, ಖಾಲಿ ಕ್ಯಾರಿಯರ್‌ನ ತೂಕ ಕಳೆಯಿರಿ.

ಎಷ್ಟು ಹಾಕಬೇಕು? ಬೆಕ್ಕು ಎಷ್ಟು ಕಿಲೋ ಇರಬೇಕಿತ್ತು ಅಂತ ಡಾಕ್ಟರನ್ನು ಕೇಳಿ. 5 ಅಂದರು ಅನ್ನಿ. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ 5×5×5 ಮಾಡಿ, 125. ಅದರ ವರ್ಗಮೂಲ ಎರಡು ಸಲ ತೆಗೆಯಿರಿ, ಸುಮಾರು 3.34. ಅದನ್ನು 70ರಿಂದ ಗುಣಿಸಿದರೆ 234 ಕ್ಯಾಲರಿ. ತೂಕ ಇಳಿಸಲು ಇದರ ನೂರಕ್ಕೆ 80, ಅಂದರೆ ದಿನಕ್ಕೆ ಸುಮಾರು 187. ಪೊಟ್ಟಣದಲ್ಲಿ ಬರುವ ಬೆಕ್ಕಿನ ಒಣ ಕಾಳು (ಡ್ರೈ ಫುಡ್) 100 ಗ್ರಾಂಗೆ 350ರಿಂದ 400 ಕ್ಯಾಲರಿ, ಹಾಗಾಗಿ ಬರೀ 50 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ, ಎಷ್ಟು ಕಮ್ಮಿ ಅಂತ ಗಾಬರಿಯಾಗುತ್ತದೆ. ಅಷ್ಟೇ ಕ್ಯಾಲರಿಗೆ ಒದ್ದೆ ಆಹಾರ ಮೂರು ಪೊಟ್ಟಣದ ಹತ್ತಿರ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ. ಪೊಟ್ಟಣದ ಹಿಂದೆ ಪ್ರೋಟೀನ್, ಕೊಬ್ಬು, ನಾರು, ಬೂದಿ, ನೀರು ಇವನ್ನೆಲ್ಲ ಕೂಡಿ 100ರಿಂದ ಕಳೆಯಿರಿ. ಉಳಿದದ್ದೇ ಪಿಷ್ಟ. ಒದ್ದೆ ಆಹಾರದಲ್ಲಿ ಅದು 3ರೊಳಗಿದ್ದರೆ ಒಳ್ಳೆಯದು.

ನಮ್ಮ ಮನೆಗಳ ಮೊಸರನ್ನ, ಹಾಲು, ಚಹಾದಲ್ಲಿ ಅದ್ದಿದ ಬಿಸ್ಕೆಟ್ ಇವತ್ತಿಗೇ ನಿಲ್ಲಬೇಕು. ಬಂಗುಡೆ, ಬೊಂಬಿಲ್ ಬಿಡಿ ಅನ್ನುವುದಿಲ್ಲ. ಕರಾವಳಿಯವರ ಮನೆ ಬೆಕ್ಕಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ? ಉಪ್ಪು, ಮಸಾಲೆ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ದಿನದ ಕ್ಯಾಲರಿಯ ಹತ್ತನೇ ಒಂದು ಪಾಲಿನೊಳಗೆ ಕೊಡಿ. ಗಸಿಯಲ್ಲಿ ಬೆಂದ ಮೀನು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಹಸಿ ಮೀನಿನ ಊಟವೇ ಆದರೆ ಬಿ1 ವಿಟಮಿನ್ ಕೊರತೆ ಬಂದು ಮತ್ತೆ ನರದ ತೊಂದರೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಒಣ ಕಾಳಿನಿಂದ ಒದ್ದೆ ಆಹಾರಕ್ಕೆ ಬದಲಾಯಿಸಿದರೆ, ತೂಕ ಇಳಿದರೆ, ಇನ್ಸುಲಿನ್ ಬೇಕಾಗುವುದು ಕಡಿಮೆಯಾಗುತ್ತದೆ, ಕೆಲವೊಮ್ಮೆ ದಿನಗಳಲ್ಲೇ. ಹಳೆಯ ಡೋಸ್ ಹಾಗೇ ಮುಂದುವರಿಸಿದರೆ ಬೆಕ್ಕು ಕುಸಿದು ಬೀಳುತ್ತದೆ. ಡಾಕ್ಟರಿಗೆ ಹೇಳದೆ ಊಟ ಬದಲಿಸಬೇಡಿ. ಬದಲಿಸುವ ವಾರಗಳಲ್ಲಿ ಶುಗರ್ ಹೆಚ್ಚು ಸಲ ನೋಡಿ. ಇದರ ಒಳ್ಳೆಯ ಮುಖವೂ ಇದೆ: ಬೇಗ ಹಿಡಿತಕ್ಕೆ ಬಂದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ.

ಓಡಾಟ

ಜಿಗಿಸಬೇಡಿ. ಲೇಸರ್ ಬೇಡ, ಟೈಲ್ಸ್ ಮೇಲೆ ತಿರುಗಿ ಬೀಳುತ್ತದೆ. ಮ್ಯಾಟಿನ ದಾರಿಯಲ್ಲಿ ಎರಡು ಮೂರು ನಿಮಿಷ ದಾರ ಎಳೆದಾಡಿಸಿ, ದಿನಕ್ಕೆ ಕೆಲವು ಸಲ. ಆಮೇಲೆ ದಾರ ಎತ್ತಿಡಿ, ನುಂಗಿಬಿಡುತ್ತದೆ. ಊಟವನ್ನು ಎರಡು ಮೂರು ಜಾಗದಲ್ಲಿ ಹಂಚಿಟ್ಟರೂ ತಾನೇ ನಡೆಯುತ್ತದೆ. ಎಸಿ ರೂಮಿನಲ್ಲಿ ಮಲಗುವ ಬೆಕ್ಕಿಗೆ ದಪ್ಪ ಹಾಸಿಗೆ ಕೊಡಿ. ಬಿಸಿನೀರಿನ ಚೀಲ ಮೈಗೆ ತಾಗಿಸಿ ಇಡಬೇಡಿ, ನರ ಸೋತ ಕಾಲಿಗೆ ಸುಟ್ಟದ್ದು ತಿಳಿಯುವುದಿಲ್ಲ.

ಊರಿಗೆ ಹೋಗುವಾಗ

ಮೇ ತಿಂಗಳು, ಚೌತಿ, ಊರಿನ ಕೋಲ. ಮುಂಬಯಿ ಕನ್ನಡಿಗರು ಮನೆಗೆ ಬೀಗ ಹಾಕುವ ಕಾಲ. ಇಂಥ ಬೆಕ್ಕನ್ನು ರೈಲಿನಲ್ಲಿ ಕರೆದೊಯ್ಯುವುದಕ್ಕಿಂತ ಮನೆಯಲ್ಲೇ ಬಿಡುವುದು ಒಳ್ಳೆಯದು. ಮ್ಯಾಟಿನ ದಾರಿ, ಟ್ರೇ ಎಲ್ಲ ಅದಕ್ಕೆ ಅಲ್ಲೇ ಗೊತ್ತಿರುತ್ತದೆ. ಪಕ್ಕದ ಮನೆಯವರಿಗೋ, ಬಿಲ್ಡಿಂಗಿನ ಕಾಲೇಜು ಹುಡುಗಿಗೋ ಮುಂಚೆಯೇ ಇನ್ಸುಲಿನ್ ಕಲಿಸಿ. ನೀವು ಮನೆಯಲ್ಲಿರುವಾಗಲೇ ಅವರ ಕೈಯಲ್ಲಿ ಹಾಕಿಸಿ ನೋಡಿ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಅವರಿಗೆ ಬರುವ ಭಾಷೆಯಲ್ಲಿ, ಮರಾಠಿಯೋ ಹಿಂದಿಯೋ, ಹೀಗೆ ಬರೆದಿರಲಿ: ಕಿತ್ತಳೆ ಮುಚ್ಚಳದ ಸಿರಿಂಜ್ ಮಾತ್ರ, ಎಷ್ಟು ಯೂನಿಟ್, ಎಷ್ಟು ಗಂಟೆಗೆ, ಊಟ ಮಾಡದಿದ್ದರೆ ಹಾಕದೆ ಫೋನ್ ಮಾಡುವುದು, ತೂರಾಡಿದರೆ ಜೇನುತುಪ್ಪ ಎಲ್ಲಿದೆ, ಡಾಕ್ಟರ ನಂಬರು, ರಾತ್ರಿಯ ಆಸ್ಪತ್ರೆಯ ನಂಬರು. ಹಾಕಿದ ಪ್ರತಿ ಡೋಸ್‌ಗೂ ಅದೇ ಹಾಳೆಯಲ್ಲಿ ಗೀಟು ಎಳೆಯಲು ಹೇಳಿ. ಇಬ್ಬರು ಬಂದು ಹೋಗುವ ಮನೆಯಲ್ಲಿ ಎರಡು ಸಲ ಇನ್ಸುಲಿನ್ ಬೀಳದಂತೆ ತಡೆಯುವುದು ಆ ಗೀಟೇ.